ಕ್ರೋನೋಗ್ರಾಫ್ ಕೊಳ್ಳುವ ಮುನ್ನ: ಹತ್ತು ಮೀಟರ್ ಹಾಲಿಗೆ ಯಾವುದು, ಬಯಲು ರೇಂಜಿಗೆ ಯಾವುದು

ಪೆಲೆಟ್ (ಏರ್ ರೈಫಲಿನ ಪುಟ್ಟ ಸೀಸದ ಗುಂಡು) ಅಥವಾ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಬೆಲೆ, ಆಮೇಲೆ ನಿಖರತೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು ಇವೆರಡಕ್ಕೂ ಮುಂಚೆ ನೋಡಬೇಕಾದದ್ದು ಬೆಳಕು. ನೀವು ಶೂಟ್ ಮಾಡುವ ಜಾಗದಲ್ಲಿ ಬೆಳಕು ಬರುವುದು ಟ್ಯೂಬ್‌ಲೈಟಿನಿಂದಲೋ, ಕಿಟಕಿಯಿಂದಲೋ, ನೇರ ಬಿಸಿಲಿನಿಂದಲೋ? ಡಬ್ಬಿಯ ಮೇಲೆ ‘ಶೇಕಡ 0.25ರೊಳಗೆ ನಿಖರ’ ಎಂದು ಬರೆದ ಯಂತ್ರವೂ ಹೊಂದದ ಬೆಳಕಿನಲ್ಲಿ ಹತ್ತು ಹೊಡೆತಕ್ಕೆ ನಾಲ್ಕನ್ನು ನುಂಗಿಬಿಡುತ್ತದೆ. ಉಳಿದ ಆರರಲ್ಲಿ ಒಂದೆರಡು ಸುಳ್ಳು ಅಂಕಿ ಸೇರಿಕೊಂಡರೆ ಆ ದಿನದ ಕೆಲಸವೆಲ್ಲ ವ್ಯರ್ಥ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹತ್ತು ಮೀಟರ್ ಏರ್ ರೈಫಲ್, ಏರ್ ಪಿಸ್ತೂಲ್ ಅಭ್ಯಾಸ ನಡೆಯುವ ಹಾಲಿಗೆ ತನ್ನದೇ ಇನ್‌ಫ್ರಾರೆಡ್ ಬೆಳಕಿರುವ, ಸ್ಟ್ಯಾಂಡಿನ ಮೇಲೆ ಕೂರುವ ಸುರಂಗ ಮಾದರಿ ಸಾಕು. 25 ಅಥವಾ 50 ಮೀಟರಿನ ಬಯಲು ರೇಂಜಿನಲ್ಲಿ ಮದ್ದಿನ ಗುಂಡಿನ .22 ರೈಫಲ್ ಹಾರಿಸುವ ಕ್ಲಬ್ಬು ಕೈಯಲ್ಲಿ ಹಣವಿದ್ದರೆ ರೇಡಾರ್ ಕೊಳ್ಳಲಿ. ಹಣವಿಲ್ಲದಿದ್ದರೆ ಬಿಳಿ ಛತ್ರಿಯ ಹಳೆಯ ಮಾದರಿಯನ್ನು ತಾಳ್ಮೆಯಿಂದ ಕಲಿತು ಬಳಸಲಿ. ಇದಕ್ಕೆ ಕಾರಣಗಳು ಮುಂದೆ ಇವೆ.

ಅಳತೆ ಆಗುವುದು ಹೇಗೆ

ರೇಡಾರ್ ಬಿಟ್ಟು ಉಳಿದೆಲ್ಲ ಮಾದರಿಗಳಲ್ಲಿ ಲೆಕ್ಕ ಒಂದೇ. ಎರಡು ಗುರುತುಗಳ ನಡುವೆ ಪೆಲೆಟ್ ಹಾಯಲು ಎಷ್ಟು ಹೊತ್ತು ಹಿಡಿಯಿತು ಎಂದು ಯಂತ್ರ ಎಣಿಸುತ್ತದೆ, ದೂರವನ್ನು ಆ ಸಮಯದಿಂದ ಭಾಗಿಸುತ್ತದೆ. ಗುರುತುಗಳ ನಡುವೆ 30 ಸೆಂ.ಮೀ. ಇದ್ದು ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋದರೆ ಹಿಡಿಯುವ ಹೊತ್ತು 1.76 ಮಿಲಿಸೆಕೆಂಡ್. ಇಷ್ಟು ಹೊತ್ತನ್ನು ಎಣಿಸುವುದು ಇಂದಿನ ಗಡಿಯಾರದ ಚಿಪ್ಪಿಗೆ ಕಷ್ಟವೇ ಅಲ್ಲ. ತಪ್ಪಾಗುವುದು ದೂರದಲ್ಲಿ. 30 ಸೆಂ.ಮೀ.ನಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಅಂಕಿ ಶೇಕಡ 0.33ರಷ್ಟು, ಅಂದರೆ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚೇ ಆಚೀಚೆ ಆಗುತ್ತದೆ. ಮಡಚುವ ಯಂತ್ರವನ್ನು ಪೂರ್ತಿ ಬಿಚ್ಚದೆ ಇಟ್ಟಾಗ ಆಗುವುದು ಇದೇ. ಗುರುತುಗಳ ನಡುವಿನ ದೂರ 10 ಸೆಂ.ಮೀ. ಇರುವ ಚಿಕ್ಕ ಯಂತ್ರದಲ್ಲಿ ಅದೇ ಒಂದು ಮಿಲಿಮೀಟರ್ ಶೇಕಡ 1ಕ್ಕೆ ಏರುತ್ತದೆ.

ಇನ್ನೊಂದು ತಪ್ಪು ಓರೆ. ಪೆಲೆಟ್ ಯಂತ್ರದ ಉದ್ದಕ್ಕೆ ಸಮಾನಾಂತರವಾಗಿ ಹಾಯದೆ 5 ಡಿಗ್ರಿ ಓರೆಯಾಗಿ ಹಾದರೆ ಓದು ಶೇಕಡ 0.4ರಷ್ಟು ಕಡಿಮೆ ಬರುತ್ತದೆ. 10 ಡಿಗ್ರಿ ಆದರೆ ಶೇಕಡ 1.5. ಓರೆ ಇಟ್ಟ ಯಂತ್ರ ವೇಗವನ್ನು ಯಾವಾಗಲೂ ಕಡಿಮೆಯೇ ತೋರಿಸುತ್ತದೆ, ಹೆಚ್ಚು ತೋರಿಸುವುದಿಲ್ಲ. ‘ಹೋದ ವಾರಕ್ಕಿಂತ ರೈಫಲ್ ನಿಧಾನವಾಗಿದೆ’ ಎಂದು ಯಾರಾದರೂ ಅಂದರೆ ರೈಫಲ್ ಬಿಚ್ಚುವ ಮೊದಲು ಟ್ರೈಪಾಡ್ ನೋಡಿ.

ಬಿಳಿ ಛತ್ರಿಯ ಮಾದರಿ

ಕಾಲ್ಡ್‌ವೆಲ್, ಪ್ರೋಕ್ರೋನೊ ಮೊದಲಾದ ಹೆಸರಿನಲ್ಲಿ ಬರುವ ಯಂತ್ರಗಳು ಇವು. ಕೆಳಗೆ ಎರಡು ಬೆಳಕಿನ ಕಣ್ಣು, ಮೇಲೆ ಕಡ್ಡಿಗಳ ಆಧಾರದ ಮೇಲೆ ಎರಡು ಬಿಳಿ ಪ್ಲಾಸ್ಟಿಕ್ ಹಾಳೆ. ಪೆಲೆಟ್ ಹಾಯುವಾಗ ಅದರ ನೆರಳು ಮೊದಲನೇ ಕಣ್ಣಿನ ಮೇಲೆ ಬೀಳುತ್ತದೆ, ಆಮೇಲೆ ಎರಡನೆಯದರ ಮೇಲೆ. ಕಣ್ಣಿಗೆ ಬೇಕಾದದ್ದು ಸಮನಾಗಿ ಹರಡಿದ ಬೆಳಕಿನ ಹಿನ್ನೆಲೆ. ಅದು ಸಿಕ್ಕರೆ ಈ ಯಂತ್ರದಷ್ಟು ಸರಳವಾದದ್ದು ಇನ್ನೊಂದಿಲ್ಲ.

ನಮ್ಮ ಕಡೆಯ ಬಿಸಿಲು ಅದನ್ನು ಸುಲಭಕ್ಕೆ ಕೊಡುವುದಿಲ್ಲ. ಬಳ್ಳಾರಿ, ಕೊಪ್ಪಳ ಇರುವುದು 15 ಡಿಗ್ರಿ ಅಕ್ಷಾಂಶದ ಸುತ್ತ, ರಾಯಚೂರು 16ರ ಹತ್ತಿರ. ಹಾಗಾಗಿ ಮೇ ಮೊದಲ ವಾರದ ಸುಮಾರಿಗೆ ಒಮ್ಮೆ, ಆಗಸ್ಟ್ ಎರಡನೇ ವಾರದ ಸುಮಾರಿಗೆ ಇನ್ನೊಮ್ಮೆ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಬಿಸಿಲು ನೆಟ್ಟಗೆ ಕಣ್ಣಿನೊಳಗೇ ಇಳಿಯುತ್ತದೆ. ಛತ್ರಿ ಹಾಕದಿದ್ದರೆ ಯಂತ್ರ ಕುರುಡು. ಛತ್ರಿ ಹಾಕಿದರೂ ಹಾಳೆ ಹಳದಿಗಟ್ಟಿದ್ದರೆ ಇಲ್ಲವೆ ಬಳ್ಳಾರಿಯ ಅದಿರಿನ ಕೆಂಪು ಧೂಳು ಕೂತಿದ್ದರೆ ಎರಡು ಹಾಳೆಗಳ ಬೆಳಕು ಬೇರೆಬೇರೆಯಾಗುತ್ತದೆ. ಆಗ ಒಂದು ಕಣ್ಣು ನೆರಳನ್ನು ಬೇಗ ಗುರುತಿಸುತ್ತದೆ, ಇನ್ನೊಂದು ತಡವಾಗಿ. ಅಂಕಿ ಬರುತ್ತದೆ, ಆದರೆ ಅದು ನಿಜವಲ್ಲ. ಅಂಕಿಯೇ ಬಾರದ ದಿನಕ್ಕಿಂತ ಸುಳ್ಳು ಅಂಕಿ ಬಂದ ದಿನ ಕೆಟ್ಟದ್ದು.

ಬೆಳಿಗ್ಗೆ ಏಳರಿಂದ ಎಂಟರವರೆಗಿನ ಓರೆ ಬಿಸಿಲೂ ತೊಂದರೆಯೇ. ಛತ್ರಿಯ ಕೆಳಗಿನಿಂದ ನುಗ್ಗಿ ಪೆಲೆಟ್ಟಿನ ಹೊಟ್ಟೆಯನ್ನು ಬೆಳಗುತ್ತದೆ, ಹೊಳೆಯುವ ಸೀಸ ನೆರಳು ಬೀಳಿಸುವ ಬದಲು ಮಿನುಗುತ್ತದೆ. ಯಂತ್ರದ ಪೂರ್ವದ ಬದಿಗೆ ಒಂದು ರಟ್ಟು ನಿಲ್ಲಿಸಿದರೆ ಸರಿಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯ ದಿನವೆಂದರೆ ಜುಲೈ, ಆಗಸ್ಟಿನ ಮೋಡ ಕವಿದ ದಿನ. ಆಗ ಆಕಾಶವೇ ಛತ್ರಿ, ಪ್ಲಾಸ್ಟಿಕ್ ಹಾಳೆ ತೆಗೆದಿಟ್ಟರೂ ನಡೆಯುತ್ತದೆ. ಆದರೆ ಅದೇ ಹೊತ್ತಿನಲ್ಲಿ ಆಷಾಢದ ಗಾಳಿಯೂ ಇರುತ್ತದೆ. ಹಾಳೆಗಳು ಅದುರಿದರೆ ಆ ಅಲುಗಾಟವನ್ನೇ ಕಣ್ಣು ಪೆಲೆಟ್ ಎಂದುಕೊಳ್ಳುತ್ತದೆ. ಗಾಳಿಯಿದ್ದ ದಿನ ಹಾಳೆ ತೆಗೆದುಬಿಡಿ, ಟ್ರೈಪಾಡಿನ ನಡುವಿನ ಕೊಂಡಿಗೆ ಮೂರ್ನಾಲ್ಕು ಕೆ.ಜಿ. ಮರಳಿನ ಚೀಲ ತೂಗುಹಾಕಿ. ಎರೆ ಭೂಮಿಯ ರೇಂಜಿನಲ್ಲಿ ಮಳೆ ಬಿದ್ದ ಮರುದಿನ ಟ್ರೈಪಾಡಿನ ಕಾಲು ಒಂದೊಂದಾಗಿ ಹೂತುಕೊಳ್ಳುತ್ತವೆ. ಹತ್ತು ಹೊಡೆತ ಮುಗಿಯುವುದರೊಳಗೆ ಯಂತ್ರ ವಾಲಿರುತ್ತದೆ. ಪ್ರತಿ ಕಾಲಿನ ಕೆಳಗೆ ಅಂಗೈಯಗಲದ ಹಲಗೆ ತುಂಡು ಇಡಿ, ಇಲ್ಲವೆ ಕಡಪ ಕಲ್ಲಿನ ಚೂರು.

ಹಾಲಿನೊಳಗೆ ಈ ಮಾದರಿ ಬೇಡ ಎನ್ನುವುದಕ್ಕೆ ಕಾರಣ ಟ್ಯೂಬ್‌ಲೈಟ್. ನಮ್ಮ ಕರೆಂಟು 50 ಹರ್ಟ್ಸ್. ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅಗ್ಗದ ಎಲ್‌ಇಡಿ ಬಲ್ಬೂ ಹಾಗೆಯೇ. ನಮ್ಮ ಕಣ್ಣಿಗೆ ಕಾಣದ ಆ ಏರಿಳಿತ ಯಂತ್ರದ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಟ್ಯೂಬಿನ ಕೆಳಗೆ ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರಂತೂ ರೆಕ್ಕೆಯ ನೆರಳು ಸುತ್ತುಸುತ್ತಿಗೂ ಕಣ್ಣಿನ ಮೇಲೆ ಹಾಯುತ್ತದೆ, ಟ್ರಿಗರ್ ಮುಟ್ಟುವ ಮೊದಲೇ ಪರದೆಯಲ್ಲಿ ಅಂಕಿ ಕುಣಿಯುತ್ತದೆ. ಇರುವ ಯಂತ್ರವನ್ನೇ ಒಳಗೆ ಬಳಸಬೇಕಾದರೆ ದಾರಿ ಇಷ್ಟು: ಆ ಲೇನಿನ ಮೇಲಿನ ಟ್ಯೂಬು, ಫ್ಯಾನು ಆರಿಸಿ. ಛತ್ರಿಯ ಎರಡೂ ಹಾಳೆಗಳ ಮೇಲೆ ಒಂದೇ ಅಳತೆಯ 12 ವೋಲ್ಟ್ ಎಲ್‌ಇಡಿ ಪಟ್ಟಿ ಅಂಟಿಸಿ, ಅದನ್ನು ಅಡಾಪ್ಟರಿಗೆ ಜೋಡಿಸದೆ ನೇರ ಬ್ಯಾಟರಿಗೆ ಜೋಡಿಸಿ. ಬೈಕಿನ ಬ್ಯಾಟರಿ ಧಾರಾಳ ಸಾಕು. ಬ್ಯಾಟರಿಯ ಕರೆಂಟಿನಲ್ಲಿ ಮಿನುಗು ಇರುವುದಿಲ್ಲ, ಕರೆಂಟು ಹೋದರೂ ಅಭ್ಯಾಸ ನಿಲ್ಲುವುದಿಲ್ಲ. ಕೆಲವು ಕಂಪನಿಗಳು ಇದಕ್ಕೆಂದೇ ಇನ್‌ಫ್ರಾರೆಡ್ ದೀಪದ ಜೋಡಿ ಮಾರುತ್ತವೆ, ಅದೂ ಆಗುತ್ತದೆ.

ಸುರಂಗ ಮಾದರಿ

ಉದ್ದನೆಯ ಡಬ್ಬಿಯ ನಡುವೆ ತೂತು, ತೂತಿನ ಒಂದು ಬದಿಗೆ ಇನ್‌ಫ್ರಾರೆಡ್ ದೀಪ, ಎದುರು ಬದಿಗೆ ಕಣ್ಣು. ಇ-9800, ಎಕ್ಸ್-3200 ಬಗೆಯವು ಇವೇ. ಬೆಳಕು ಯಂತ್ರದೊಳಗಿನದೇ ಆದ್ದರಿಂದ ಟ್ಯೂಬ್‌ಲೈಟಿನ ಗೊಡವೆ ಇಲ್ಲ, ರಾತ್ರಿ ಅಭ್ಯಾಸಕ್ಕೂ ಆಗುತ್ತದೆ. ಬೆಲೆ ಎಲ್ಲಕ್ಕಿಂತ ಕಡಿಮೆ. ಆದರೆ ಬಯಲಿಗೆ ತೆಗೆದುಕೊಂಡು ಹೋಗಬೇಡಿ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಅದು ತೂತಿನೊಳಗೆ ಬಿದ್ದರೆ ಕಣ್ಣಿಗೆ ತನ್ನ ದೀಪ ಯಾವುದು, ಬಿಸಿಲು ಯಾವುದು ಎಂದು ತಿಳಿಯುವುದಿಲ್ಲ. ಕಿಟಕಿಯ ಬಿಸಿಲು ಬೀಳುವ ಲೇನಿನಲ್ಲಿ ಕೂಡ ಪರದೆ ಎಳೆದು ಬಳಸಿ.

ಇದರಲ್ಲಿ ಎರಡು ಬಗೆ. ಒಂದು ನಳಿಕೆಯ ತುದಿಗೆ ತಿರುಪಿನಿಂದ ಕೂರುವುದು, ಇನ್ನೊಂದು ಸ್ಟ್ಯಾಂಡಿನ ಮೇಲೆ ಕೂರುವುದು. ಪಂದ್ಯದ ಏರ್ ರೈಫಲಿಗೆ ನಾವು ಸ್ಟ್ಯಾಂಡಿನದನ್ನೇ ಹೇಳುತ್ತೇವೆ. ಆ ರೈಫಲಿನ ತುದಿಯಲ್ಲಿ ಮುಂಗುರಿಯ (ಮುಂದಿನ ಸೈಟಿನ) ಕೊಳವೆ ಕೂತಿರುತ್ತದೆ. ಬ್ಯಾರೆಲ್ಲಿಗೆ ಸಿಕ್ಕಿಸುವ ಯಂತ್ರ ಹಾಕಬೇಕೆಂದರೆ ಅದನ್ನು ಕಳಚಬೇಕು, ಕಳಚಿದರೆ ಸೈಟ್ ಮತ್ತೆ ಹೊಂದಿಸಬೇಕು. ಸಿಕ್ಕಿಸಿದ್ದು ಕೂದಲೆಳೆಯಷ್ಟು ಓರೆಯಾದರೂ ಪೆಲೆಟ್ ಸುರಂಗದ ಗೋಡೆಗೆ ಸವರಿ ಹೋಗುತ್ತದೆ. ಸವರಿದ ಗುರುತು ಹೀಗಿರುತ್ತದೆ: ಹೊರಬರುವ ಬಾಯಿಯ ಅಂಚಿನಲ್ಲಿ, ಪೆನ್ಸಿಲಿನಿಂದ ಗೀಚಿದಂತೆ, ಬೂದು ಬಣ್ಣದ ಹೊಳಪಿನ ಒಂದು ಗೀರು. ಬೆರಳಿನಿಂದ ಉಜ್ಜಿದರೆ ಕಪ್ಪು ಅಂಟುತ್ತದೆ. ಆ ಗೀರು ಕಂಡರೆ ಅಲ್ಲಿಗೇ ನಿಲ್ಲಿಸಿ, ಅವತ್ತಿನ ಅಂಕಿಗಳನ್ನು ಹೊಡೆದುಹಾಕಿ, ಸೀಸ ಮುಟ್ಟಿದ ಕೈ ತೊಳೆದುಕೊಂಡು ಯಂತ್ರವನ್ನು ಹೊಸದಾಗಿ ಹೊಂದಿಸಿ.

ಸುರಂಗದ ಕೊರತೆ ಅದರ ಉದ್ದ. ಕಣ್ಣುಗಳು ಹತ್ತಿರ ಇರುವುದರಿಂದ ಎರಡು ಬೇರೆ ಯಂತ್ರಗಳು ಒಂದೇ ರೈಫಲಿಗೆ ಸೆಕೆಂಡಿಗೆ ಎರಡು ಮೂರು ಮೀಟರ್ ವ್ಯತ್ಯಾಸ ತೋರಿಸಿದರೆ ಗಾಬರಿಯಾಗಬೇಕಿಲ್ಲ. ಅದೇ ಯಂತ್ರ ನಿನ್ನೆ ಏನು ತೋರಿಸಿತು, ಇವತ್ತು ಏನು ತೋರಿಸಿತು ಎನ್ನುವುದು ಕೋಚಿಗೆ ಬೇಕಾದದ್ದು. ಪಕ್ಕದ ಊರಿನವರ ಅಂಕಿಗೆ ನಿಮ್ಮದನ್ನು ಹೋಲಿಸಬೇಡಿ.

ಬ್ಯಾರೆಲ್ಲಿಗೆ ಕಟ್ಟುವ ಕಾಂತೀಯ ಪಟ್ಟಿ

ಮ್ಯಾಗ್ನೆಟೊಸ್ಪೀಡ್ ಎಂಬ ಹೆಸರಿನದು. ಬ್ಯಾರೆಲ್ಲಿನ ಕೆಳಗೆ ಪಟ್ಟಿಯಿಂದ ಬಿಗಿದು ಕಟ್ಟುತ್ತಾರೆ, ಲೋಹದ ಗುಂಡು ಹತ್ತಿರದಿಂದ ಹಾದಾಗ ಆಗುವ ಕಾಂತಕ್ಷೇತ್ರದ ಬದಲಾವಣೆಯನ್ನು ಅದು ಗುರುತಿಸುತ್ತದೆ. ಬೆಳಕು ಬೇಡ, ಟ್ರೈಪಾಡ್ ಬೇಡ, ರೇಂಜಿನಲ್ಲಿ ಯಾರೂ ಮುಂದಕ್ಕೆ ಹೋಗಬೇಕಿಲ್ಲ. ದೊಡ್ಡ ರೈಫಲಿನವರಿಗೆ ಹೇಳಿ ಮಾಡಿಸಿದ್ದು. ಅರ್ಧ ಗ್ರಾಮಿನ ಸೀಸದ ಪೆಲೆಟ್ ಹಾರಿಸುವವರಿಗೆ ನಾವು ಇದನ್ನು ಹೇಳುವುದಿಲ್ಲ. ಬ್ಯಾರೆಲ್ಲಿಗೆ ತೂಕ ನೇತುಬಿದ್ದಿರುವಾಗ ಗುಂಡು ಬೀಳುವ ಜಾಗವೂ ಬದಲಾಗುವುದರಿಂದ ವೇಗ ಮತ್ತು ಗ್ರೂಪ್ (ಟಾರ್ಗೆಟ್ಟಿನ ಮೇಲೆ ಗುಂಡು ಬಿದ್ದ ಗುರುತುಗಳ ಗುಂಪು) ಎರಡನ್ನೂ ಒಟ್ಟಿಗೆ ನೋಡಲಾಗುವುದಿಲ್ಲ.

ರೇಡಾರ್

ಲ್ಯಾಬ್‌ರೇಡಾರ್ ಬಂದ ಮೇಲೆ ಮೊದಲ ಸಲ ಸಾಮಾನ್ಯ ಶೂಟರ್‌ಗಳ ಕೈಗೆ ಡಾಪ್ಲರ್ ರೇಡಾರ್, ಅಂದರೆ ಅಲೆ ಕಳಿಸಿ ಮರಳಿ ಬಂದ ಅಲೆಯಿಂದ ವೇಗ ಅಳೆಯುವ ಯಂತ್ರ, ಸಿಕ್ಕಿತು. 2023ರಲ್ಲಿ ಗಾರ್ಮಿನ್ ಕಂಪನಿಯ ಜೀರೋ ಸಿ1 ಪ್ರೋ ಬಂದು ಅದನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಿತು. ಅಮೆರಿಕದಲ್ಲಿ ಬಿಡುಗಡೆಯಾದಾಗಿನ ಬೆಲೆ 600 ಡಾಲರ್. ಇಲ್ಲಿಗೆ ತರಿಸಿದರೆ ಸುಂಕ ಸೇರಿ ಇನ್ನೂ ಏರುತ್ತದೆ, ಕೆಟ್ಟರೆ ರಿಪೇರಿಗೆ ದೂರ ಕಳಿಸಬೇಕು. ಒಬ್ಬರ ಜೇಬಿಗಿಂತ ಕ್ಲಬ್ಬಿನ ಖಾತೆಗೆ ಹೊಂದುವ ವಸ್ತು.

ಅನುಕೂಲ ಮಾತ್ರ ದೊಡ್ಡದು. ರೈಫಲಿನ ಪಕ್ಕದಲ್ಲಿ, ನಳಿಕೆಯ ಬಾಯಿಗಿಂತ ಒಂದು ಗೇಣು ಹಿಂದೆ, ಒಂದು ಗೇಣು ಬದಿಗೆ ಮೇಜಿನ ಮೇಲೆ ಇಟ್ಟು ಟಾರ್ಗೆಟ್ಟಿನತ್ತ ತಿರುಗಿಸಿದರೆ ಮುಗಿಯಿತು. ಪೆಲೆಟ್ ಹಾಯುವ ದಾರಿಯಲ್ಲಿ ಏನೂ ಇರುವುದಿಲ್ಲವಾದ್ದರಿಂದ ಹೊಸಬರು ಯಂತ್ರಕ್ಕೇ ಗುಂಡು ಹೊಡೆಯುವ ಭಯ ಇಲ್ಲ. ಬಿಸಿಲು, ಮೋಡ, ಕತ್ತಲೆ ಎಲ್ಲ ಒಂದೇ.

ಹತ್ತು ಮೀಟರ್ ಹಾಲಿಗೆ ಇದನ್ನು ಕಣ್ಣು ಮುಚ್ಚಿ ಕೊಳ್ಳಬೇಡಿ. ಪೆಲೆಟ್ ಹಾರುತ್ತಿರುವಾಗ ಅದನ್ನು ಸ್ವಲ್ಪ ದೂರ ಹಿಂಬಾಲಿಸಿದರೆ ಮಾತ್ರ ರೇಡಾರ್ ವೇಗ ಹೇಳಬಲ್ಲದು. ಪೆಲೆಟ್ ಚಿಕ್ಕದಾದಷ್ಟೂ ಮರಳುವ ಅಲೆ ಕ್ಷೀಣ. ಹತ್ತು ಮೀಟರಿಗೇ ಪೆಲೆಟ್ ತಡೆದು ಹಿಡಿಯುವ ಕಬ್ಬಿಣದ ಟ್ರ್ಯಾಪ್ ಎದುರಾದರೆ ಕೆಲವು ಯಂತ್ರ ಹೊಡೆತವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಿರುಗುವ ಫ್ಯಾನು, ಕೂಲರಿನ ರೆಕ್ಕೆಯೂ ರೇಡಾರಿಗೆ ಚಲಿಸುವ ವಸ್ತುವೇ. ಹಳೆಯ ಲ್ಯಾಬ್‌ರೇಡಾರ್ ಸದ್ದು ಕೇಳಿ ಎಚ್ಚರಗೊಳ್ಳುವಂಥದ್ದು, ಏರ್ ರೈಫಲಿನ ಮೆಲುದನಿ ಅದಕ್ಕೆ ಸಾಲದೆ ಬೇರೆ ಮೈಕ್ ಸೇರಿಸಬೇಕಾಗುತ್ತದೆ. ಕೊಳ್ಳುವ ಮೊದಲು ಯಾರದ್ದಾದರೂ ತಂದು ನಿಮ್ಮದೇ ಲೇನಿನಲ್ಲಿ ಇಪ್ಪತ್ತು ಹೊಡೆತ ಹಾರಿಸಿ ನೋಡಿ. ಇಪ್ಪತ್ತರಲ್ಲಿ ಹತ್ತೊಂಬತ್ತಾದರೂ ಹಿಡಿಯದಿದ್ದರೆ ಆ ಹಾಲಿಗೆ ಅದು ಬೇಡ.

ಫೋನಿನ ಮೈಕ್

ಹಣವೇ ಇಲ್ಲದ ಶಾಲೆಯ ತಂಡಕ್ಕೂ ಒಂದು ದಾರಿ ಇದೆ. ಹೊಡೆದ ಸದ್ದು ಮತ್ತು ಪೆಲೆಟ್ ಟ್ರ್ಯಾಪಿಗೆ ಬಡಿದ ಸದ್ದು, ಇವೆರಡರ ನಡುವಿನ ಹೊತ್ತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅಲೆಯ ಚಿತ್ರದಲ್ಲಿ ಅಳೆಯಬಹುದು. ಆ ಹೊತ್ತಿನಲ್ಲಿ ಪೆಲೆಟ್ ಹೋದ ಸಮಯವೂ ಇದೆ, ಬಡಿದ ಸದ್ದು ನಿಮ್ಮ ಕಡೆಗೆ ವಾಪಸ್ ಬಂದ ಸಮಯವೂ ಇದೆ. ಒಟ್ಟು 90 ಮಿಲಿಸೆಕೆಂಡ್ ಸಿಕ್ಕಿತು ಎನ್ನಿ. ಹಾಲಿನ ಉಷ್ಣತೆ 40 ಡಿಗ್ರಿ ಇದ್ದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 355 ಮೀಟರ್, ಹತ್ತು ಮೀಟರ್ ವಾಪಸ್ ಬರಲು 28.2 ಮಿಲಿಸೆಕೆಂಡ್. ಉಳಿದದ್ದು 61.8, ಅಂದರೆ ವೇಗ 161.8 ಮೀಟರ್. ಆ್ಯಪ್ 20 ಡಿಗ್ರಿ ಎಂದುಕೊಂಡು ಲೆಕ್ಕ ಹಾಕಿದರೆ ಅದೇ ಹೊಡೆತ 164.3 ಎಂದು ಬರುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ ಈ ತಪ್ಪು ಖಂಡಿತ ಆಗುವಂಥದ್ದು, ಹಾಗಾಗಿ ಗೋಡೆಯ ಮೇಲೊಂದು ಥರ್ಮಾಮೀಟರ್ ಇರಲಿ. ಇಲ್ಲಿ ಸಿಗುವುದು ಹತ್ತು ಮೀಟರಿನ ಸರಾಸರಿ ವೇಗ, ನಳಿಕೆಯ ಬಾಯಿಯ ಹತ್ತಿರದ್ದಲ್ಲ ಎನ್ನುವುದೂ ನೆನಪಿರಲಿ. ರಟ್ಟಿನ ಟಾರ್ಗೆಟ್ ಹಿಂದೆ ಬಟ್ಟೆ ತುರುಕಿದ ಟ್ರ್ಯಾಪ್ ಇದ್ದರೆ ಬಡಿದ ಸದ್ದು ಮಸುಕಾಗುತ್ತದೆ, ತೆಳು ತಗಡು ಹಚ್ಚಿ.

ಇಡುವ ಕ್ರಮ

ಛತ್ರಿಯದಾಗಲಿ ಸುರಂಗದ್ದಾಗಲಿ, ಯಂತ್ರ ಫೈರಿಂಗ್ ಲೈನಿನ ಮುಂದೆ ಇರುತ್ತದೆ. ಅದನ್ನು ಸರಿಪಡಿಸಲು ಒಬ್ಬರು ನಳಿಕೆಗಳ ಮುಂದೆ ಹೋಗಲೇಬೇಕು. ಇಡೀ ಕೆಲಸದಲ್ಲಿ ಅಪಾಯ ಇರುವುದು ಇಲ್ಲಿ. ಎಲ್ಲ ಲೇನಿನವರೂ ರೈಫಲ್ ಖಾಲಿ ಮಾಡಿ, ಬ್ರೀಚ್ (ಪೆಲೆಟ್ ತುಂಬುವ ಹಿಂಬಾಯಿ) ತೆರೆದು, ಬಣ್ಣದ ಸುರಕ್ಷತಾ ದಾರ ತೂರಿಸಿ, ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಬೇಕು. ರೇಂಜ್ ಅಧಿಕಾರಿ ಬಾಯಿಬಿಟ್ಟು ಹೇಳಿದ ಮೇಲೆ ಮಾತ್ರ ಮುಂದೆ ಹೋಗಬೇಕು. ‘ಒಂದೇ ನಿಮಿಷ, ಸ್ವಲ್ಪ ತಿರುಗಿಸಿ ಬರ್ತೀನಿ’ ಎನ್ನುವ ಮಾತಿಗೆ ಯಾವ ಕೋಚೂ ಒಪ್ಪಬಾರದು. ಎಲ್ಲರ ಕಣ್ಣಿಗೆ ಕನ್ನಡಕ ಇರಲಿ, ಯಂತ್ರಕ್ಕೆ ಬಡಿದ ಪೆಲೆಟ್ ಯಾವ ಕಡೆಗೂ ಸಿಡಿಯಬಹುದು.

ಏರ್ ರೈಫಲಿಗೆ ನಳಿಕೆಯ ಬಾಯಿಯಿಂದ ಯಂತ್ರದ ಮೊದಲ ಕಣ್ಣಿಗೆ 50 ಸೆಂ.ಮೀ.ನಿಂದ ಒಂದು ಮೀಟರ್ ಸರಿ. .22 ರೈಫಲಿಗೆ ಮೂರು ಮೀಟರ್, ಇಲ್ಲದಿದ್ದರೆ ಮದ್ದಿನ ಹೊಗೆ ಮತ್ತು ಗಾಳಿಯ ಹೊಡೆತ ಕಣ್ಣನ್ನು ಕೆಣಕುತ್ತದೆ. ಯಾವ ದೂರ ಆರಿಸಿದರೂ ನೆಲದ ಮೇಲೆ ಟೇಪ್ ಅಂಟಿಸಿ, ಪ್ರತಿ ಸಲ ಅಲ್ಲೇ ಇಡಿ. ಚಪ್ಪಟೆ ಮೂತಿಯ ಪಂದ್ಯದ ಪೆಲೆಟ್ ಮೀಟರಿಗೆ ಹೆಚ್ಚುಕಡಿಮೆ ಶೇಕಡ ಒಂದರಷ್ಟು ವೇಗ ಕಳೆದುಕೊಳ್ಳುತ್ತದೆ. ಒಂದು ದಿನ ಅರ್ಧ ಮೀಟರಿಗೆ, ಇನ್ನೊಂದು ದಿನ ಒಂದೂವರೆ ಮೀಟರಿಗೆ ಇಟ್ಟರೆ ಸೆಕೆಂಡಿಗೆ 1.7 ಮೀಟರ್ ವ್ಯತ್ಯಾಸ ಸುಮ್ಮಸುಮ್ಮನೆ ಹುಟ್ಟುತ್ತದೆ.

ಎತ್ತರ ಹೊಂದಿಸುವಾಗ ಆಗುವ ತಪ್ಪು ಎಲ್ಲ ಕಡೆ ಒಂದೇ. ಸೈಟಿನ ಮೂಲಕ ನೋಡಿದಾಗ ದಾರಿ ತೆರೆದಿದೆ ಎನಿಸುತ್ತದೆ. ಆದರೆ ನಳಿಕೆ ಇರುವುದು ಸೈಟಿಗಿಂತ ನಾಲ್ಕೈದು ಸೆಂ.ಮೀ. ಕೆಳಗೆ. ಪೆಲೆಟ್ ನೆಟ್ಟಗೆ ಯಂತ್ರದ ಮೂತಿಗೆ ಬಡಿಯುತ್ತದೆ. ಆದ್ದರಿಂದ ರೈಫಲನ್ನು ಮರಳುಚೀಲದ ಮೇಲೆ ಗುರಿಗೆ ಹಿಡಿದು ಕೂರಿಸಿ, ಖಾಲಿ ಇದೆಯೆಂದು ಇಬ್ಬರು ನೋಡಿ, ಬಾಯಿಯ ನಡುವಿನಿಂದ ಟಾರ್ಗೆಟ್ಟಿನ ನಡುವಿಗೆ ಮೇಸ್ತ್ರಿಗಳು ಬಳಸುವ ತೆಳು ನೂಲು ಎಳೆದು ಕಟ್ಟಿ. ನೂಲು ಸುರಂಗದ ಎರಡೂ ಬಾಯಿಗಳ ನಡುಮಧ್ಯ ಹಾಯಬೇಕು. ಛತ್ರಿಯ ಮಾದರಿಯಾದರೆ ಕಣ್ಣಿನಿಂದ 10 ಸೆಂ.ಮೀ. ಸುಮಾರು ಮೇಲೆ ಹಾಯಬೇಕು. 4.5 ಮಿ.ಮೀ. ಪೆಲೆಟ್ ಇನ್ನೂ ಮೇಲೆ ಹೋದರೆ ನೆರಳು ತೆಳುವಾಗಿ ಕಣ್ಣಿಗೆ ಸಿಗುವುದಿಲ್ಲ. ಎಲ್ಲ ಸರಿಯಾದ ಮೇಲೆ ನೂಲು ಬಿಚ್ಚಿ. ನೂಲು ಬಿಚ್ಚಿದ್ದನ್ನು ಇನ್ನೊಬ್ಬರು ಕೂಡ ಜೋರಾಗಿ ಹೇಳಲಿ.

ಮೊದಲ ಐದು ಹೊಡೆತ ಬರೆದುಕೊಳ್ಳಬೇಡಿ. ಸ್ಪ್ರಿಂಗ್ ರೈಫಲ್ ಸ್ವಲ್ಪ ಹೊತ್ತು ನಡೆದ ಮೇಲೆ ಸಮವಾಗುತ್ತದೆ. ಹೊಸದಾಗಿ ಎಣ್ಣೆ ಹಾಕಿದ್ದರೆ ಎಣ್ಣೆಯ ಆವಿ ಹೊತ್ತಿಕೊಂಡು ಮೊದಲ ಕೆಲವು ಹೊಡೆತ ವಿಪರೀತ ವೇಗ ತೋರಿಸುತ್ತವೆ, ಸುಟ್ಟ ವಾಸನೆಯೂ ಬರುತ್ತದೆ.

ಅಂಕಿ ಓದುವುದು

ಹತ್ತು ಹೊಡೆತದ ಒಂದು ಸಾಲು ಹೀಗಿದೆ ಎನ್ನಿ, ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ: 172, 171, 173, 172, 170, 172, 174, 171, 172, 173. ಸರಾಸರಿ 172. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವಿನ ಅಂತರ 4. ಯಂತ್ರ ಎಸ್‌ಡಿ ಎಂದು ತೋರಿಸುವ ಚದುರುವಿಕೆ 1.15. ಪರದೆ ಅಡಿ ಲೆಕ್ಕದಲ್ಲಿದ್ದರೆ 3.28ರಿಂದ ಭಾಗಿಸಿ, 564 ಅಡಿ ಎಂದರೆ ಇದೇ 172.

ಈ 4 ಮೀಟರ್ ಅಂತರ ಹತ್ತು ಮೀಟರಿಗೆ ಎಷ್ಟು ಮುಖ್ಯ? ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ 174ರ ಪೆಲೆಟ್ ಟಾರ್ಗೆಟ್ ಮುಟ್ಟುವಷ್ಟರಲ್ಲಿ 16.2 ಮಿ.ಮೀ. ಇಳಿಯುತ್ತದೆ, 170ರದ್ದು 16.95. ನಡುವೆ ಮುಕ್ಕಾಲು ಮಿಲಿಮೀಟರ್. ಏರ್ ರೈಫಲ್ ಟಾರ್ಗೆಟ್ಟಿನಲ್ಲಿ ಹತ್ತರ ಚುಕ್ಕೆಯೇ ಅರ್ಧ ಮಿಲಿಮೀಟರ್. ದಶಮಾಂಶ ಅಂಕದಲ್ಲಿ ಪ್ರತಿ 0.25 ಮಿ.ಮೀ.ಗೆ 0.1 ಹೋಗುತ್ತದೆ. ಅಂದರೆ ಕೈ ಕಲ್ಲಿನಂತೆ ನಿಂತಿದ್ದರೂ ರೈಫಲ್ ಒಂದೇ 0.3 ತಿಂದುಹಾಕಬಹುದು. ಮಕ್ಕಳು 10.6 ಬದಲು 10.3 ಬಂದಾಗ ತಮ್ಮ ಉಸಿರನ್ನು, ಟ್ರಿಗರನ್ನು ಬೈದುಕೊಳ್ಳುತ್ತಾರೆ. ತಪ್ಪು ಅವರದ್ದೋ ರೈಫಲಿನದ್ದೋ ಎಂದು ತಿಳಿಸಿ ಹೇಳಲಿಕ್ಕೆ ಕ್ರೋನೋಗ್ರಾಫ್ ಬೇಕು. ನಮ್ಮ ದೃಷ್ಟಿಯಲ್ಲಿ ಈ ಯಂತ್ರಕ್ಕೆ ಹಣ ಹಾಕಲು ಇದೊಂದೇ ಕಾರಣ ಸಾಕು. ಏರ್ ಪಿಸ್ತೂಲಿನಲ್ಲಿ ಹತ್ತರ ವೃತ್ತ 11.5 ಮಿ.ಮೀ., ಅಲ್ಲಿ ಇಷ್ಟು ಚಿಂತೆ ಬೇಡ.

ಒತ್ತಿದ ಗಾಳಿಯ ಸಿಲಿಂಡರಿನ ರೈಫಲಿಗೆ ಇನ್ನೊಂದು ಪರೀಕ್ಷೆ ಮಾಡಿ. 200 ಬಾರ್ ತುಂಬಿಸಿ, ಹತ್ತು ಹೊಡೆತಕ್ಕೊಮ್ಮೆ ಗೇಜಿನ ಒತ್ತಡವನ್ನೂ ಸರಾಸರಿ ವೇಗವನ್ನೂ ಬರೆದುಕೊಳ್ಳುತ್ತ ಹೋಗಿ. ಗಾಳಿಯ ಒತ್ತಡವನ್ನು ಒಂದೇ ಸಮ ಇಡುವ ರೆಗ್ಯುಲೇಟರ್ ಕೆಲಸ ಮಾಡುತ್ತಿರುವವರೆಗೆ ವೇಗ ಒಂದೇ ಮಟ್ಟದಲ್ಲಿರುತ್ತದೆ, ಒಂದು ಒತ್ತಡದ ಕೆಳಗೆ ದಡದಡ ಇಳಿಯುತ್ತದೆ. ಆ ಒತ್ತಡಕ್ಕಿಂತ 20 ಬಾರ್ ಮೇಲೆಯೇ ತುಂಬಿಸುವ ಅಭ್ಯಾಸ ಇಟ್ಟುಕೊಳ್ಳಿ. ಬೆಳಿಗ್ಗೆ 25 ಡಿಗ್ರಿಯಲ್ಲಿ 200 ಬಾರ್ ಇದ್ದ ಸಿಲಿಂಡರ್ 45 ಡಿಗ್ರಿ ಕಾವಿನ ಕಾರಿನಲ್ಲಿ 213ಕ್ಕೆ ಏರುತ್ತದೆ. ತುಂಬಿದ ಸಿಲಿಂಡರನ್ನು ಬಿಸಿಲಿನ ಕಾರಿನಲ್ಲಿ ಬಿಡಬಾರದು, ಗೇಜು ತಣ್ಣಗಿರುವಾಗಲೇ ಓದಬೇಕು.

ಶಕ್ತಿಯ ಲೆಕ್ಕವೂ ಇದರಿಂದಲೇ ಸಿಗುತ್ತದೆ: ಪೆಲೆಟ್ಟಿನ ತೂಕ ಕಿಲೋಗ್ರಾಮಿನಲ್ಲಿ, ವೇಗದ ವರ್ಗದಿಂದ ಗುಣಿಸಿ, ಅರ್ಧ ಮಾಡಿ. 0.53 ಗ್ರಾಮಿನ ಪೆಲೆಟ್ 172 ಮೀಟರ್ ವೇಗದಲ್ಲಿದ್ದರೆ 7.84 ಜೂಲ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್ ರೈಫಲ್ ಲೈಸೆನ್ಸಿನ ಹೊರಗಿರಬೇಕಾದರೆ ಶಕ್ತಿ 20 ಜೂಲ್, ಒಳವ್ಯಾಸ 4.5 ಮಿ.ಮೀ. ಮೀರಬಾರದು. 0.53 ಗ್ರಾಮಿಗೆ ಆ ಗಡಿ ಸೆಕೆಂಡಿಗೆ 275 ಮೀಟರ್, ಅಂದರೆ 901 ಅಡಿಯ ಹತ್ತಿರ. ಜಾಹೀರಾತಿನಲ್ಲಿ ‘ಸಾವಿರ ಅಡಿ’ ಎಂದಿದ್ದರೆ ಯಾವ ತೂಕದ ಪೆಲೆಟ್ಟಿನಿಂದ ಎಂದು ಕೇಳಿ, 0.35 ಗ್ರಾಮಿನ ಹಗುರ ಪೆಲೆಟ್ಟಿಗೆ ಗಡಿ 338 ಮೀಟರ್. ಡಬ್ಬಿಯ ಮೇಲಿನ ತೂಕ ನಂಬುವ ಬದಲು ಬಂಗಾರದಂಗಡಿಯ ತಕ್ಕಡಿಯಲ್ಲಿ ನೂರು ಪೆಲೆಟ್ ಒಟ್ಟಿಗೆ ತೂಗಿ, ನೂರರಿಂದ ಭಾಗಿಸಿ. ಯಂತ್ರದಲ್ಲಿ ತೂಕ ಗ್ರೇನಿನಲ್ಲಿ ಕೇಳಿದರೆ 0.53 ಗ್ರಾಮ್ ಎಂದರೆ 8.2 ಗ್ರೇನ್.

ಏರ್ ರೈಫಲಿನ ಓದು ಇದ್ದಕ್ಕಿದ್ದಂತೆ 340, 350ರ ಆಸುಪಾಸಿಗೆ ಹಾರಿದರೆ ಯಂತ್ರ ಹಿಡಿದದ್ದು ಪೆಲೆಟ್ಟನ್ನಲ್ಲ, ನಳಿಕೆಯ ಬಾಯಿಂದ ಹೊರಟ ಗಾಳಿಯ ಹೊಡೆತವನ್ನು. ಅದು ಶಬ್ದದ ವೇಗ. ಯಂತ್ರವನ್ನು ಇನ್ನೊಂದು ಮೊಳ ಮುಂದೆ ಸರಿಸಿ. .22ರಲ್ಲಿ ಇದನ್ನು ಪತ್ತೆ ಹಚ್ಚುವುದು ಕಷ್ಟ. ಪಂದ್ಯದ ಗುಂಡುಗಳ ವೇಗವೇ 330ರ ಹತ್ತಿರ ಇರುತ್ತದೆ, ಸುಳ್ಳು ಅಂಕಿ ನಿಜದ ಅಂಕಿಯ ನೆರೆಯಲ್ಲೇ ಬಂದು ಕೂರುತ್ತದೆ. ಅದಕ್ಕೇ .22ಕ್ಕೆ ಮೂರು ಮೀಟರ್ ದೂರವನ್ನು ಕಡ್ಡಾಯ ಮಾಡಿಕೊಳ್ಳಿ. ಒಂದೂ ಅಂಕಿ ಬಾರದಿದ್ದರೆ ಮೊದಲು ಬ್ಯಾಟರಿ ಬದಲಿಸಿ. ಬಡಕಲು ಬ್ಯಾಟರಿಯಲ್ಲಿ ಪರದೆ ಬೆಳಗುತ್ತದೆ, ಕಣ್ಣು ಮಾತ್ರ ಮಂಕಾಗಿರುತ್ತದೆ.

ಕೆಲಸ ಮುಗಿದ ಮೇಲೆ ಬ್ಯಾಟರಿ ಹೊರಗೆ ತೆಗೆಯಿರಿ, ಸೆಖೆಯಲ್ಲಿ ಸೋರಿದ ಬ್ಯಾಟರಿ ಕ್ಲಿಪ್ಪನ್ನೇ ತಿನ್ನುತ್ತದೆ. ಕಣ್ಣುಗಳ ಮೇಲಿನ ಧೂಳನ್ನು ಒಣ ಬ್ರಷ್ಷಿನಿಂದ ಹೊಡೆಯಿರಿ, ಬಟ್ಟೆಯಿಂದ ಉಜ್ಜಬೇಡಿ. ಅದಿರಿನ ಧೂಳು ಪ್ಲಾಸ್ಟಿಕ್ಕಿನ ಮೇಲೆ ಉಜ್ಜುಕಾಗದದಂತೆ ಗೀರು ಬೀಳಿಸುತ್ತದೆ. ರಿಜಿಸ್ಟರಿನಲ್ಲಿ ದಿನಾಂಕ, ಹಾಲಿನ ಉಷ್ಣತೆ, ರೈಫಲಿನ ನಂಬರು, ಪೆಲೆಟ್ಟಿನ ಡಬ್ಬಿಯ ನಂಬರು, ಗೇಜಿನ ಒತ್ತಡ, ಯಂತ್ರ ಇಟ್ಟ ದೂರ, ಹತ್ತು ಅಂಕಿ, ಇಷ್ಟನ್ನೂ ಅಲ್ಲೇ ನಿಂತು ಬರೆಯಿರಿ. ಮನೆಗೆ ಹೋಗಿ ಬರೆಯುವಷ್ಟರಲ್ಲಿ ಗೇಜಿನ ಒತ್ತಡ ಮರೆತುಹೋಗಿರುತ್ತದೆ.